ಹಿತ್ತಾಳೆಯ ಮೇಲೆ ಒಂಬತ್ತು ಹೆಸರುಗಳು: ಹುಬ್ಬಳ್ಳಿಯ ಒಂದು ಫಲಕದ ಅಂಗಡಿಯ ಬಗ್ಗೆ

ಧಾರವಾಡದ ಒಂದು ಸಣ್ಣ ಕ್ರೈಸ್ತ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದವರಾದ ನಾವು ಈ ಸಲದ ಆಗಸ್ಟ್‌ನಲ್ಲಿ ಏಳು ಮಂದಿ ಹಿಂದಿನ ಕ್ರೀಡಾಪಟುಗಳನ್ನೂ ಇಬ್ಬರು ತರಬೇತುದಾರರನ್ನೂ ಸನ್ಮಾನಿಸಿದೆವು. ಅವರಿಗೆ ಕೊಡಬೇಕಾದ ಒಂಬತ್ತು ಹಿತ್ತಾಳೆಯ ಫಲಕಗಳನ್ನೂ, ಕಾಲೇಜಿನ ಪಡಸಾಲೆಯ ಗೋಡೆಗೆ ಹಾಕಬೇಕಾದ ಒಂದು ದೊಡ್ಡ ಗೌರವ ಫಲಕವನ್ನೂ ಮಾಡಿಕೊಟ್ಟದ್ದು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿರುವ ಪುಟ್ಟ ಅಂಗಡಿ. ಕೆಲಸಗಾರರು ಇಬ್ಬರೇ ಇರುವುದರಿಂದ ಅಂಗಡಿಯ ಹೆಸರು ಬರೆಯಬೇಡಿರೆಂದು ಮಾಲೀಕರು ಕೇಳಿಕೊಂಡಿದ್ದಾರೆ. ಆ ಓಣಿಗೆ ಹೋಗಿ ಹಿತ್ತಾಳೆ ಬೋರ್ಡಿನವರು ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಇಂಥ ಸಮಾರಂಭ ಮಾಡಲು ಹೊರಟಿರುವ ಬೇರೆ ಕಾಲೇಜಿನವರಿಗೆ ಉಪಯೋಗವಾಗಲೆಂದು ನಮ್ಮ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಅವಳಿ ನಗರದಲ್ಲಿ ಇದಕ್ಕಿಂತ ಹೆಚ್ಚು ಹೊಳೆಯುವ ಸ್ಮರಣಿಕೆ ಕೊಡುವ ಅಂಗಡಿಗಳು ಬೇಕಾದಷ್ಟಿವೆ, ಇದಕ್ಕಿಂತ ಅಗ್ಗವಾಗಿ ಮತ್ತು ಬೇಗ ಕೊಡುವವರೂ ಇದ್ದಾರೆ. ಆದರೆ ಕೊಟ್ಟ ಬರಹವನ್ನು ಓದಿ, ಅರ್ಥ ಮಾಡಿಕೊಂಡು, ಅನುಮಾನ ಬಂದಲ್ಲಿ ಕೇಳಿ, ಆಮೇಲೆ ಕೆತ್ತುವ ಅಂಗಡಿಯನ್ನು ನಾನು ನೋಡಿದ್ದು ಇದೊಂದೇ.

ನಮ್ಮ ಕಡೆ ಸನ್ಮಾನ ಎಂದರೆ ಹಾರ-ತುರಾಯಿ, ಶಾಲು, ಒಂದು ಪೇಢೆಯ ಡಬ್ಬಿ ಮತ್ತು ಒಂದು ಸ್ಮರಣಿಕೆ. ಹಾರ ಮರುದಿನ ಬಾಡುತ್ತದೆ, ಪೇಢೆ ಅಂದೇ ಮುಗಿಯುತ್ತದೆ, ಶಾಲು ಕಪಾಟು ಸೇರುತ್ತದೆ. ಮನೆಯ ಗೋಡೆಯ ಮೇಲೆ ಇಪ್ಪತ್ತು ಮೂವತ್ತು ವರ್ಷ ಉಳಿಯುವುದು ಸ್ಮರಣಿಕೆ ಮಾತ್ರ, ಅದರಲ್ಲೂ ಅದರ ಮೇಲಿನ ನಾಲ್ಕಾರು ಸಾಲಿನ ಬರಹ. ಕ್ರೀಡಾಪಟುವಿನ ವಿಷಯದಲ್ಲಿ ಆ ಬರಹಕ್ಕೆ ಇನ್ನೂ ಹೆಚ್ಚಿನ ತೂಕವಿದೆ, ಏಕೆಂದರೆ ಅವರ ಸಾಧನೆ ಉಳಿದಿರುವುದೇ ಅಂಕಿಗಳಲ್ಲಿ. ಗದಗಿನ ಸುನಿಲ್ ಜೋಶಿಯವರು 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಮಾಡಿದ ಬೌಲಿಂಗನ್ನು ಇಲ್ಲಿಯ ಕ್ರಿಕೆಟ್ ಪ್ರೇಮಿಗಳು 10-6-6-5 ಎಂಬ ನಾಲ್ಕು ಅಂಕಿಗಳಲ್ಲೇ ನೆನಪಿಟ್ಟಿದ್ದಾರೆ. ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಅದರಲ್ಲಿ ಒಂದಂಕಿ ಬದಲಾದರೂ ಅದು ಆ ದಿನದ ಬೌಲಿಂಗ್ ಆಗಿ ಉಳಿಯುವುದಿಲ್ಲ.

ಇದನ್ನು ನಾವು ಕಲಿತದ್ದು ಒಂದು ಕಹಿ ಅನುಭವದಿಂದ. ಕೆಲವು ವರ್ಷಗಳ ಹಿಂದೆ ಸಂಘದ ಇನ್ನೊಂದು ಕಾರ್ಯಕ್ರಮಕ್ಕೆ ಬೇರೊಂದು ಅಂಗಡಿಯಲ್ಲಿ ಸ್ಮರಣಿಕೆ ಮಾಡಿಸಿದ್ದೆವು. ವೇದಿಕೆಯ ಮೇಲೆ ಕಾಗದ ಬಿಚ್ಚಿದಾಗ ಎಲ್ಲ ಫಲಕಗಳ ಮೇಲೂ ‘ಹಳೆಯ ವಿದ್ಯಾಥರ್ಿಗಳ ಸಂಘ’ ಎಂದು ಅಚ್ಚಾಗಿತ್ತು, ಕೆಳಗೆ ಸಹಿಯ ಜಾಗದಲ್ಲಿ ‘ಕಾರ್ಯದಶರ್ಿ’ ಎಂದಿತ್ತು. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪಿ ಕೂರುವುದು ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರೆಲ್ಲರಿಗೂ ಗೊತ್ತಿರುವ ತೊಂದರೆ. ಕೆತ್ತುವ ಮೊದಲು ಒಬ್ಬರು ಒಂದು ಸಲ ಓದಿದ್ದರೆ ಸಿಗುತ್ತಿತ್ತು. 1837ರಲ್ಲಿ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದು ನೆಲೆ ನಿಂತರು. ಇದೇ ಸೀಮೆಯಲ್ಲಿ ದುಡಿದ ಕಿಟೆಲ್ ಅವರು ಪದ ಪದ ಕೂಡಿಸಿ ಮಾಡಿದ ನಿಘಂಟು 1894ರಲ್ಲಿ ಅಚ್ಚಾಯಿತು. ಅಂಥ ಊರಿನ ಒಂದು ಕ್ರೈಸ್ತ ಕಾಲೇಜು ತನ್ನ ಹಿರಿಯರಿಗೆ ಮುರಿದ ಅಕ್ಷರಗಳನ್ನು ಕೊಟ್ಟಿತೆಂಬ ನೋವು ನಮ್ಮ ಪ್ರಾಚಾರ್ಯರಿಗೆ ಬಹಳ ದಿನ ಇತ್ತು. ಈ ಸಲ ಅಂಗಡಿ ಹುಡುಕುವಾಗ ಅವರು ಹಾಕಿದ ಷರತ್ತು ಒಂದೇ, ಕನ್ನಡ ಓದುವವರ ಕೈಗೆ ಕೆಲಸ ಕೊಡಿ.

ಹುಬ್ಬಳ್ಳಿಯ ಈ ಅಂಗಡಿಗೆ ನಾನು ಮೊದಲು ಹೋದದ್ದು ಜುಲೈ ಮೊದಲ ವಾರದಲ್ಲಿ. ಬಾಗಿಲ ಬಳಿ ಒಂದು ಮೇಜು, ಅದರ ಹಿಂದೆ ಹಿತ್ತಾಳೆ, ತಾಮ್ರ, ಸ್ಟೀಲ್ ತಗಡುಗಳ ಒಟ್ಟು, ಒಳಗಿನ ಕೋಣೆಯಲ್ಲಿ ತಗಡಿಗೆ ಆಸಿಡ್ ಹಾಕುವ ಪ್ಲಾಸ್ಟಿಕ್ ತಟ್ಟೆಗಳು. ಗಾಜಿನ ಕಪಾಟು, ಬಣ್ಣದ ದೀಪ, ಸಾಲು ಸಾಲು ಕಪ್ಪುಗಳು ಇಲ್ಲ. ಮಾಲೀಕರು ಅರವತ್ತು ದಾಟಿದವರು. ನಮ್ಮ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ದರ ಹೇಳುವ ಮೊದಲು ಪೂರ್ತಿ ಓದಿದರು. ನಂತರ ಪೆನ್ಸಿಲಿನಿಂದ ನಾಲ್ಕು ಕಡೆ ಗುರುತು ಹಾಕಿದರು. ಆ ನಾಲ್ಕು ಗುರುತುಗಳೇ ಈ ಅಂಗಡಿಯ ಬಗ್ಗೆ ನಾನು ಬರೆಯಲು ಕಾರಣ.

ಮೊದಲ ಗುರುತು ನಮ್ಮ ಅತ್ಯಂತ ಹಿರಿಯ ಓಟಗಾರರ ಸಾಲಿನ ಮೇಲಿತ್ತು. ಅವರು ಈಗಿಲ್ಲ, ಫಲಕ ಸ್ವೀಕರಿಸಲು ಅವರ ಮಗ ಬರುವವರಿದ್ದರು. 1955ರ ಅಂತರ ಕಾಲೇಜು ಕೂಟದಲ್ಲಿ ಅವರು ಮೊದಲಿಗರಾಗಿದ್ದರು. ನಮ್ಮ ಪಟ್ಟಿಯಲ್ಲಿ ‘402 ಮೀಟರ್ ಓಟ’ ಎಂದಿತ್ತು. “ಸರ, 402 ಮೀಟರ್ ಓಟ ಅಂತ ಯಾವುದೂ ಇರೂದಿಲ್ಲಲ್ರಿ. ಇದು ಗಜದ ಲೆಕ್ಕ ಇರಬೇಕು, ಹಳೇ ಕಾಗದ ಒಮ್ಮೆ ನೋಡ್ರಿ” ಎಂದರು. ನೋಡಿದರೆ ಪ್ರಮಾಣಪತ್ರದಲ್ಲಿ ಇದ್ದದ್ದು 440 ಗಜ. ಪಟ್ಟಿ ತಯಾರಿಸಿದ ನಮ್ಮ ಹುಡುಗ ಇಂದಿನವರಿಗೆ ತಿಳಿಯಲೆಂದು ಒಳ್ಳೆಯ ಮನಸ್ಸಿನಿಂದಲೇ ಮೀಟರಿಗೆ ಬದಲಿಸಿದ್ದ. 400 ಮೀಟರ್ ಎಂದು ಬರೆದುಬಿಡೋಣ ಎಂದು ಸಮಿತಿಯಲ್ಲಿ ಒಬ್ಬರು ಹೇಳಿದರು. ಆದರೆ 440 ಗಜ ಎಂದರೆ 402.336 ಮೀಟರ್, ಐವತ್ತೊಂದು ಐವತ್ತೆರಡು ಸೆಕೆಂಡಿನಲ್ಲಿ ಓಡುವವನಿಗೆ ಆ ಎರಡು ಚಿಲ್ಲರೆ ಮೀಟರಿಗೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಬೇಕು. ಅದು ಓಟದ ಫಲಿತಾಂಶವನ್ನೇ ತಿರುಗಿಸುವಷ್ಟು ಅಂತರ. ಅವರು ಓಡಿದ ಓಟಕ್ಕೆ ಅವರು ಓಡಿದ ದಿನ ಇದ್ದ ಹೆಸರನ್ನೇ ಇಡಬೇಕೆಂದು ಕೊನೆಗೆ ಎಲ್ಲರೂ ಒಪ್ಪಿದೆವು.

ಎರಡನೆಯ ಗುರುತು 1978ರಲ್ಲಿ ನೂರು ಮೀಟರ್ ಓಡಿದವರ ಸಮಯದ ಮೇಲೆ. ಪ್ರಮಾಣಪತ್ರದಲ್ಲಿ 10.9 ಎಂದಿದ್ದದ್ದನ್ನು ನಾವು ಉಳಿದ ಸಾಲುಗಳೊಡನೆ ಹೊಂದಲೆಂದು 10.90 ಎಂದು ಬರೆದಿದ್ದೆವು. ಆ ಕಾಲದಲ್ಲಿ ನಮ್ಮ ಕಾಲೇಜು ಕೂಟಗಳಲ್ಲಿ ಸಮಯ ಹಿಡಿಯುತ್ತಿದ್ದದ್ದು ಕೈಯಿಂದ ಒತ್ತುವ ಸ್ಟಾಪ್‌ವಾಚಿನಿಂದ, ಅದು ಹೇಳುತ್ತಿದ್ದದ್ದು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಮಾತ್ರ. ವೇಗದ ಓಟಗಳ ವಿಶ್ವದಾಖಲೆಗೆ ವಿದ್ಯುನ್ಮಾನ ಸಮಯವೇ ಬೇಕೆಂಬ ನಿಯಮ ಬಂದದ್ದು 1977ರಲ್ಲಿ. ಕೈಯಿಂದ ಹಿಡಿದ ಸಮಯವನ್ನು ವಿದ್ಯುನ್ಮಾನ ಸಮಯಕ್ಕೆ ಹೋಲಿಸುವಾಗ ನೂರು ಮೀಟರಿಗೆ 0.24 ಸೆಕೆಂಡು ಕೂಡಿಸುವುದು ವಾಡಿಕೆ. ಹೀಗಿರುವಾಗ ಕೊನೆಗೊಂದು ಸೊನ್ನೆ ಅಂಟಿಸಿದರೆ, ಅಂದು ಮೈದಾನದಲ್ಲಿ ಇಲ್ಲದ ಯಂತ್ರ ಇತ್ತೆಂದು ಹೇಳಿದಂತಾಗುತ್ತದೆ. ಮಾಲೀಕರಿಗೆ ಈ ನಿಯಮಗಳೆಲ್ಲ ಗೊತ್ತಿದ್ದವೆಂದು ನಾನು ಹೇಳುತ್ತಿಲ್ಲ; ಮೂಲ ಕಾಗದದಲ್ಲಿ ಇಲ್ಲದ ಅಂಕಿ ಪಟ್ಟಿಯಲ್ಲಿ ಹೇಗೆ ಬಂತೆಂದು ಅವರು ಕೇಳಿದರು, ಹುಡುಕಿಕೊಂಡು ಹೋದದ್ದು ನಾವು.

ಮೂರನೆಯ ಗುರುತಿನ ಬಗ್ಗೆ ನಮ್ಮಲ್ಲಿ ಹೆಚ್ಚು ಚರ್ಚೆ ನಡೆಯಿತು. 1972ರಲ್ಲಿ ರಾಜ್ಯದ ಖೋ ಖೋ ತಂಡದಲ್ಲಿ ಆಡಿದ ನಮ್ಮ ಹಿರಿಯ ಆಟಗಾರ್ತಿಯ ಹೆಸರಿನ ಮುಂದೆ ‘ಕರ್ನಾಟಕ ರಾಜ್ಯ ತಂಡ’ ಎಂದು ಬರೆದಿದ್ದೆವು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅವರು ಹಾಕಿಕೊಂಡಿದ್ದ ಅಂಗಿಯ ಬೆನ್ನ ಮೇಲೆ ಇದ್ದದ್ದು ಮೈಸೂರು. ಅದೇ 1955ರ ಓಟಗಾರರ ಕಾಲಕ್ಕೆ ಧಾರವಾಡ ಇದ್ದದ್ದು ಮುಂಬಯಿ ರಾಜ್ಯದಲ್ಲಿ. 1983ರಲ್ಲಿ ವಾಲಿಬಾಲ್ ಆಡಿದ ಗದಗಿನವರ ಹೆಸರಿನ ಕೆಳಗೆ ಜಿಲ್ಲೆ ಯಾವುದು ಬರೆಯಬೇಕು? ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ, ಅವರು ಆಡುವಾಗ ಮೂರೂ ಸೇರಿ ಧಾರವಾಡ ಜಿಲ್ಲೆಯೇ ಆಗಿತ್ತು. ಒಂದೇ ಮೈದಾನದಲ್ಲಿ ಬೆವರು ಸುರಿಸಿದ ಮೂವರು ಮೂರು ರಾಜ್ಯದ ಹೆಸರುಗಳಲ್ಲಿ ಆಡಿದ್ದರು. ಸುಲಭದ ದಾರಿ ಎಂದರೆ ಎಲ್ಲ ಕಡೆಯೂ ಇಂದಿನ ಹೆಸರು ಹಾಕುವುದು. ನಾವು ಆಯಾ ವರ್ಷದ ಹೆಸರನ್ನೇ ಹಾಕಿಸಿದೆವು, ಅದು ಸರಿಯಾದ ತೀರ್ಮಾನವೆಂದು ನನಗೆ ಈಗಲೂ ಅನ್ನಿಸುತ್ತದೆ. ಸಮಾರಂಭದ ದಿನ ಆ ಆಟಗಾರ್ತಿಯ ಮೊಮ್ಮಗಳು “ಅಜ್ಜಿ, ನೀವು ಮೈಸೂರಿನವರಾ?” ಎಂದು ಕೇಳಿದಳು, ಅಜ್ಜಿ ಅಲ್ಲೇ ಕುರ್ಚಿಯಲ್ಲಿ ಕೂಡಿಸಿಕೊಂಡು ಅರ್ಧ ಗಂಟೆ ಆ ಕಾಲದ ಕಥೆ ಹೇಳಿದರು. ಅವರ ಹೆಸರಿನ ವಿಷಯದಲ್ಲೂ ಅಂಗಡಿಯವರೇ ಎಚ್ಚರಿಸಿದ್ದರು: ಪ್ರಮಾಣಪತ್ರದಲ್ಲಿ ತವರುಮನೆಯ ಹೆಸರು, ನಮ್ಮ ಪಟ್ಟಿಯಲ್ಲಿ ಗಂಡನ ಮನೆಯ ಹೆಸರು. ಫೋನ್ ಮಾಡಿ ಕೇಳಿದಾಗ ಅವರು, ಆಡಿದ ಹೆಸರು ದೊಡ್ಡದಾಗಿ ಇರಲಿ, ಈಗಿನದು ಅದರ ಕೆಳಗೆ ಇರಲಿ ಎಂದರು. ಹಾಗೆಯೇ ಆಯಿತು. ಮಹಿಳೆಯರನ್ನು ಗೌರವಿಸುವ ಪ್ರತಿಯೊಂದು ಸಂಸ್ಥೆಯೂ ಈ ಒಂದು ಫೋನ್ ಕರೆಯನ್ನು ಮಾಡಬೇಕು.

ನಾಲ್ಕನೆಯ ಗುರುತು ತರಬೇತುದಾರರ ಬಗ್ಗೆ. ಇಬ್ಬರಲ್ಲಿ ಒಬ್ಬರು ಮದ್ರಾಸಿನ ವೈ.ಎಂ.ಸಿ.ಎ. (ಕ್ರೈಸ್ತ ಯುವಕರ ಸಂಘ) ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತು ಬಂದವರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಕಟ್ಟಿದ ಆ ಕಾಲೇಜು ಇಡೀ ದೇಶಕ್ಕೆ ದೈಹಿಕ ಶಿಕ್ಷಕರನ್ನು ತಯಾರು ಮಾಡಿ ಕಳಿಸಿದೆ. ವಾಲಿಬಾಲ್ ಮತ್ತು ಬಾಸ್ಕೆಟ್‌ಬಾಲ್ ಎರಡೂ ಅಮೆರಿಕದ ವೈ.ಎಂ.ಸಿ.ಎ. ಅಂಗಳಗಳಲ್ಲಿಯೇ ಹುಟ್ಟಿದ ಆಟಗಳಾದ್ದರಿಂದ, ನಮ್ಮಂಥ ಸಣ್ಣ ಕ್ರೈಸ್ತ ಕಾಲೇಜಿನ ಮೈದಾನಕ್ಕೂ ಆ ಪರಂಪರೆಗೂ ನಂಟಿದೆ. ಅವರ ಫಲಕದ ಬರಹ ಸುಲಭವಾಯಿತು. ಎರಡನೆಯವರು ಕಾಲೇಜಿನ ದಾಖಲೆಯಲ್ಲಿ ಪ್ರಯೋಗಾಲಯದ ಅಟೆಂಡರ್. 1968ರಿಂದ 1991ರವರೆಗೆ, ಗಾಜಿನ ಸಾಮಾನು ತೊಳೆದಿಟ್ಟು, ಸಂಜೆ ನಾಲ್ಕೂವರೆಗೆ ಮೈದಾನಕ್ಕೆ ಬಂದು, ಹುಡುಗಿಯರಿಗೆ ಖೋ ಖೋ ಕಲಿಸಿದವರು ಅವರು. ಸುಣ್ಣದಿಂದ ಅಂಕಣದ ಗೆರೆ ಎಳೆಯುವುದೂ ಅವರದೇ ಕೆಲಸವಾಗಿತ್ತು. ಅದಕ್ಕೆ ಸಂಬಳವಿರಲಿಲ್ಲ, ಹುದ್ದೆಯೂ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ನಿವೃತ್ತ ಅಟೆಂಡರ್’ ಎಂದಿತ್ತು, ಅಳತೆಯಲ್ಲೂ ತರಬೇತುದಾರರ ಫಲಕಗಳು ಚಿಕ್ಕವಾಗಿದ್ದವು, ಏಕೆಂದರೆ ಅವರ ಪಾಲಿಗೆ ಬರೆಯಲು ಪದಕಗಳಾಗಲಿ ಸಮಯಗಳಾಗಲಿ ಇರಲಿಲ್ಲ. ಮಾಲೀಕರು ಪೆನ್ಸಿಲನ್ನು ಅಲ್ಲಿ ನಿಲ್ಲಿಸಿ, “ಇವರನ್ನ ಕರೆಯೂದು ಯಾತಕ್ರೀ? ಅಟೆಂಡರ್ ಆಗಿದ್ದಕ್ಕೋ, ಆಟ ಕಲಿಸಿದ್ದಕ್ಕೋ?” ಎಂದು ಕೇಳಿದರು. ನನ್ನ ಬಳಿ ಉತ್ತರವಿತ್ತು, ಆದರೆ ಅದು ಕಾಗದದ ಮೇಲೆ ಇರಲಿಲ್ಲ.

ನಮ್ಮ ದೇಶವೂ ಈ ವಿಷಯದಲ್ಲಿ ತಡವಾಗಿಯೇ ಎಚ್ಚೆತ್ತಿತು. ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಲ್ಲಿ ಶುರುವಾದರೆ, ಕಲಿಸಿದವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ, ಅದೂ ಹಿಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚು ಕಳೆದುಕೊಂಡ ಮೇಲೆ. ಮೊದಲ ವರ್ಷ ಅದನ್ನು ಪಡೆದವರಲ್ಲಿ ಉಷಾ ಅವರ ಗುರು ಒ.ಎಂ. ನಂಬಿಯಾರ್ ಒಬ್ಬರು. ನಾವು ಸಮಿತಿಯಲ್ಲಿ ಮತ್ತೆ ಕೂತು ಒಂಬತ್ತೂ ಫಲಕಗಳನ್ನು ಒಂದೇ ಅಳತೆಗೆ ತಂದೆವು. ಅಟೆಂಡರ್ ಆಗಿದ್ದವರ ಹೆಸರಿನ ಕೆಳಗೆ ‘ಖೋ ಖೋ ತರಬೇತುದಾರರು, 1968–1991’ ಎಂದು ಬರೆಸಿದೆವು, ಅದರ ಕೆಳಗೆ ಅವರ ಕೈಯಲ್ಲಿ ಪಳಗಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ ಹುಡುಗಿಯರ ಹೆಸರುಗಳನ್ನು ಸಾಲಾಗಿ ಹಾಕಿಸಿದೆವು. ಒಂಬತ್ತು ಫಲಕಗಳಲ್ಲಿ ಅಕ್ಷರಗಳು ಅತಿ ಹೆಚ್ಚು ಇದ್ದದ್ದು ಅದರಲ್ಲೇ.

ಇನ್ನು ಕೆಲಸದ ಬಗ್ಗೆ. ಈ ಅಂಗಡಿಯಲ್ಲಿ ಲೇಸರ್ ಯಂತ್ರವಿಲ್ಲ. ಒಂದೂವರೆ ಮಿಲಿಮೀಟರ್ ದಪ್ಪದ ಹಿತ್ತಾಳೆ ತಗಡಿನ ಮೇಲೆ ಅಕ್ಷರ ಬಿಟ್ಟು ಉಳಿದ ಭಾಗವನ್ನು ಮುಚ್ಚಿ, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಇಟ್ಟು, ಅಕ್ಷರದಷ್ಟು ಲೋಹವನ್ನು ತಿನ್ನಿಸಿ ತೆಗೆಯುತ್ತಾರೆ. ಆ ತಗ್ಗಿಗೆ ಕಪ್ಪು ಎನಾಮಲ್ ಬಣ್ಣ ತುಂಬಿ, ಒಣಗಿಸಿ, ಮೇಲ್ಮೈಯನ್ನು ಉಜ್ಜಿ, ಕೊನೆಗೆ ಮಾಸದಿರಲೆಂದು ಲ್ಯಾಕರ್ ಹೊಡೆಯುತ್ತಾರೆ. ಲೇಸರಿನಲ್ಲಿ ಗುರುತು ಹಾಕಿದ ಅಗ್ಗದ ತಗಡುಗಳಲ್ಲಿ ಅಕ್ಷರ ಮೇಲ್ಮೈಯಲ್ಲಷ್ಟೇ ಇರುತ್ತದೆ, ಬಿಸಿಯೊತ್ತಿ ಅಚ್ಚು ಹಾಕಿದ ಬಣ್ಣದ ಫಲಕಗಳು ಬಿಸಿಲು ಬೀಳುವ ಗೋಡೆಯ ಮೇಲೆ ಬಿಳಿಚಿಕೊಳ್ಳುತ್ತವೆ. ಇಲ್ಲಿಯ ಅಕ್ಷರಗಳ ಮೇಲೆ ಬೆರಳಾಡಿಸಿದರೆ ತಗ್ಗು ಕೈಗೆ ಸಿಗುತ್ತದೆ.

ಕನ್ನಡಕ್ಕೆ ಅವರು ಇಟ್ಟುಕೊಂಡಿರುವ ಕೆಲವು ಪದ್ಧತಿಗಳು ನನಗೆ ಬಹಳ ಹಿಡಿಸಿದವು. ಅಕ್ಷರದ ಎತ್ತರ ಆರು ಮಿಲಿಮೀಟರಿಗಿಂತ ಕಡಿಮೆ ಮಾಡಲು ಅವರು ಒಪ್ಪುವುದಿಲ್ಲ, ಏಕೆಂದರೆ ಅದಕ್ಕಿಂತ ಚಿಕ್ಕದಾದರೆ ‘ಷ’, ‘ಕ್ಷ’ಗಳ ಹೊಟ್ಟೆಯೊಳಗೆ ಬಣ್ಣ ಕಟ್ಟಿಕೊಂಡು ಅಕ್ಷರ ಕಪ್ಪು ಚುಕ್ಕೆಯಾಗುತ್ತದೆ. ಸಾಲುಗಳ ನಡುವಿನ ಜಾಗವನ್ನು ಇಂಗ್ಲಿಷಿನ ಲೆಕ್ಕದಲ್ಲಿ ಬಿಡದೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಹೆಚ್ಚಿಗೆ ಬಿಡುತ್ತಾರೆ. ಪ್ರೂಫನ್ನು ಮೊಬೈಲಿಗೆ ಕಳಿಸಿ ಸುಮ್ಮನಾಗುವುದಿಲ್ಲ; ಫಲಕದ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದು, ಗಿರಾಕಿಯನ್ನು ಎದುರಿಗೆ ಕೂಡಿಸಿಕೊಂಡು, ಅವರು ಗಟ್ಟಿಯಾಗಿ ಓದುತ್ತಾರೆ, ನಾವು ಮೂಲ ಪ್ರಮಾಣಪತ್ರ ಹಿಡಿದು ನೋಡುತ್ತಿರಬೇಕು. ಹೀಗೆ ಮೂರು ಸುತ್ತು ಓದಿದೆವು. ಮೂರನೆಯ ಸುತ್ತಿನಲ್ಲೂ ಒಂದು ತಪ್ಪು ಸಿಕ್ಕಿತು, ಅದು ನಮ್ಮ ಕಡೆಯದೇ: ದೊಡ್ಡ ಫಲಕದ ತಲೆಯಲ್ಲಿ, ಬೈಬಲಿನಲ್ಲಿ ಪೌಲನು ತಿಮೊಥೆಗೆ ಬರೆದ ಎರಡನೆಯ ಪತ್ರದ, ಓಟ ಮುಗಿಸಿದ ಮಾತಿರುವ ವಚನದ ಸಂಖ್ಯೆಯನ್ನು 4:7 ಎನ್ನುವ ಬದಲು 7:4 ಎಂದು ಕೊಟ್ಟಿದ್ದೆವು. ಆ ಪತ್ರದಲ್ಲಿ ಇರುವುದೇ ನಾಲ್ಕು ಅಧ್ಯಾಯ. ಅಂದು ನಮ್ಮೊಡನೆ ಬಂದಿದ್ದ ಸಭಾಪಾಲಕರು ಅದನ್ನು ಹಿಡಿದರು.

ಕುಂದುಗಳನ್ನೂ ಹೇಳಬೇಕು. ಬುಧವಾರ ಕೊಡುತ್ತೇವೆಂದವರು ಫಲಕಗಳನ್ನು ಕೊಟ್ಟದ್ದು ಶುಕ್ರವಾರ ಸಂಜೆ, ಸಮಾರಂಭ ಶನಿವಾರ ಬೆಳಿಗ್ಗೆ. ಜಿಟಿಜಿಟಿ ಮಳೆ ಹಿಡಿದಿದ್ದರಿಂದ ಗಾಳಿಯ ತೇವಕ್ಕೆ ಎರಡು ಫಲಕಗಳ ಲ್ಯಾಕರ್ ಹಾಲಿನಂತೆ ಬಿಳಿಚಿಕೊಂಡಿತ್ತು. ಅದನ್ನು ತೆಗೆದು ಮತ್ತೆ ಹೊಡೆದರು. ಹಾಗೇ ಕೊಟ್ಟಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲವೇನೋ, ಆದರೆ ಮಳೆಗಾಲದಲ್ಲಿ ಹೀಗಾಗುವುದು ಅವರಿಗೆ ಮೊದಲೇ ತಿಳಿದಿರುವಾಗ ದಿನಾಂಕವನ್ನು ಆ ಲೆಕ್ಕದಲ್ಲೇ ಹೇಳಬೇಕಿತ್ತು. ಆ ಎರಡು ದಿನ ನಮ್ಮ ಖಜಾಂಚಿಯವರು ನಿದ್ದೆ ಮಾಡಲಿಲ್ಲ. ಫಲಕ ಒಂದಕ್ಕೆ ಸಾಗವಾನಿ ಹಲಗೆ ಸೇರಿ 2,350 ರೂಪಾಯಿ, ದೊಡ್ಡದಕ್ಕೆ 24,000 ರೂಪಾಯಿ ಎಂದು ಬರೆದುಕೊಟ್ಟಿದ್ದರು. ಕೊನೆಯ ಬಿಲ್ಲಿನಲ್ಲಿ ದೊಡ್ಡ ಫಲಕದ ಬಣ್ಣಕ್ಕೆಂದು 1,200 ರೂಪಾಯಿ ಹೆಚ್ಚಿಗೆ ಇತ್ತು. ಕೆಲಸಕ್ಕೆ ಅದು ದುಬಾರಿಯಲ್ಲ, ಆದರೆ ವಂತಿಗೆ ಎತ್ತಿ ಖರ್ಚು ಮಾಡುವ ಸಂಘಕ್ಕೆ ಮೊದಲೇ ತಿಳಿಸಬೇಕು. ಗೋಡೆಗೆ ಹಾಕುವ ಕೆಲಸವನ್ನು ಅವರು ಮಾಡುವುದಿಲ್ಲ. ಕೊಟ್ಟ ಕೊಂಡಿಗಳು ನಮ್ಮ ಹಳೆಯ ಕಲ್ಲುಗೋಡೆಗೆ, ಆ ಭಾರಕ್ಕೆ ಸಾಲುವಂತಿರಲಿಲ್ಲ. ರಾತ್ರಿ ಎಂಟಕ್ಕೆ ಧಾರವಾಡದ ಬಡಿಗೇರರನ್ನು ಕರೆಸಿ ದಪ್ಪ ಬೋಲ್ಟು ಹಾಕಿಸಬೇಕಾಯಿತು.

ಸಮಾರಂಭದ ಎಲ್ಲ ವಿವರ ಇಲ್ಲಿ ಬೇಡ, ಫಲಕಕ್ಕೆ ಸಂಬಂಧಿಸಿದ್ದನ್ನಷ್ಟೇ ಹೇಳುತ್ತೇನೆ. ಖೋ ಖೋ ಕಲಿಸಿದ ಆ ಹಿರಿಯರಿಗೆ ಈಗ ಎಂಬತ್ತು ದಾಟಿದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ. ಅವರ ಫಲಕವನ್ನು ಅವರ ಕೈಗೆ ಕೊಟ್ಟವರು 1972ರ ಆ ಆಟಗಾರ್ತಿಯೇ. ಹಿರಿಯರು ಕುರ್ಚಿಯಲ್ಲಿ ಕೂತು, ಫಲಕವನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯ ತೋರುಬೆರಳನ್ನು ಮೊದಲ ಸಾಲಿನಿಂದ ನಿಧಾನವಾಗಿ ಜಾರಿಸಿದರು. ಹೆಸರು ಸಿಕ್ಕಿತು, ‘ಖೋ’ ಸಿಕ್ಕಿತು, ಇನ್ನೊಂದು ‘ಖೋ’ ಸಿಕ್ಕಿತು. ಮುಂದಿನ ಪದದ ಮೇಲೆ ಬೆರಳು ಎರಡು ಸಲ ಹೋಗಿ ಬಂತು. “ಏನ್ ಬರದೀರಿ ಇಲ್ಲಿ?” ಎಂದು ಪಕ್ಕದಲ್ಲಿದ್ದ ತಮ್ಮ ವಿದ್ಯಾರ್ಥಿನಿಯನ್ನು ಕೇಳಿದರು. “ತರಬೇತುದಾರರು ಅಂತ ಬರದೈತ್ರಿ, ಸರ” ಎಂದರು ಅವರು. ಹಿರಿಯರು ಮಾತಾಡಲಿಲ್ಲ. ಕೆಳಗಿನ ಸಾಲುಗಳಲ್ಲಿದ್ದ ಹುಡುಗಿಯರ ಹೆಸರುಗಳ ಮೇಲೆ ಬೆರಳು ಬಹಳ ಹೊತ್ತು ಇತ್ತು, ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ಬೇರೆಯವರ ಭಾಷಣ ನಡೆದಿತ್ತು.

ಈ ಅಂಗಡಿಗೆ ಹೋಗುವವರು ಕನಿಷ್ಠ ಆರು ವಾರ ಮೊದಲು ಹೋಗಬೇಕು, ಮಳೆಗಾಲವಾದರೆ ಎಂಟು ವಾರ. ಪಟ್ಟಿಯ ಜೊತೆಗೆ ಮೂಲ ಪ್ರಮಾಣಪತ್ರಗಳ ಜೆರಾಕ್ಸ್ ಒಯ್ಯಬೇಕು, ಇಲ್ಲದಿದ್ದರೆ ಅವರು ಅರ್ಧದಲ್ಲಿ ತಿರುಗಿ ಕಳಿಸುತ್ತಾರೆ. ಬಣ್ಣ, ಕೊಂಡಿ, ಸಾಗಣೆ ಎಲ್ಲವನ್ನೂ ಸೇರಿಸಿ ದರ ಬರೆಸಿಕೊಳ್ಳಬೇಕು. ಕೊಪ್ಪಿಕರ ರಸ್ತೆಯಲ್ಲಿ ಸಂಜೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲವಾದ್ದರಿಂದ ಬೆಳಿಗ್ಗೆ ಹತ್ತೂವರೆಗೆ, ಬಾಗಿಲು ತೆಗೆಯುವ ಹೊತ್ತಿಗೆ ಹೋಗುವುದು ಒಳ್ಳೆಯದು. ನಮ್ಮ ದೊಡ್ಡ ಫಲಕದಲ್ಲಿ ಒಂಬತ್ತು ಹೆಸರುಗಳ ಕೆಳಗೆ ಹದಿನೈದು ಪಟ್ಟಿಗಳನ್ನು ಖಾಲಿ ಬಿಡಿಸಿದ್ದೇವೆ, ಪ್ರತಿಯೊಂದೂ ಬೇರೆ ಬೇರೆ ತಗಡು, ಎರಡು ತಿರುಪು ಬಿಚ್ಚಿದರೆ ಕೈಗೆ ಬರುತ್ತದೆ. ಮೊನ್ನೆ ಅದರಲ್ಲಿ ಮೊದಲನೆಯದನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ ಹುಬ್ಬಳ್ಳಿಗೆ ಒಯ್ದು ಕೊಟ್ಟೆ. ಹಾವೇರಿಯ ಕಡೆಯ ಒಬ್ಬ ಚಕ್ರ ಎಸೆತಗಾರ್ತಿಯ ಹೆಸರು ಅದರ ಮೇಲೆ ಬರಲಿದೆ. ಮಾಲೀಕರು ಕನ್ನಡಕ ಹಾಕಿಕೊಂಡು ಓದಿದರು, ಎಸೆತದ ದೂರದ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ಚೀಟಿಯನ್ನು ನನ್ನ ಕೈಗೆ ತಿರುಗಿ ಕೊಟ್ಟರು.